ಬ್ರೇಕ್ ಹಿಡಿದಾಗ ಬೀಳುವ ಮುಳ್ಳು

ನನ್ನ ಅಂಗಡಿಗೆ ಒಂದು ಕಾನೂನಿತ್ತು. ಕಾರು ಒಳಗೆ ಬಂದ ಮೇಲೆ ಡ್ರೈವರ್ ಸೀಟಿನಲ್ಲಿ ನನ್ನನ್ನು ಬಿಟ್ಟು ಇನ್ನೊಂದು ನರಪಿಳ್ಳೆ ಕೂರುವಂತಿರಲಿಲ್ಲ. ಕಾರು ಯಾರದಾದರೂ ಇರಲಿ, ಕೀ ಕೊಟ್ಟು, ಗೋಡೆ ಪಕ್ಕದ ಬೆಂಚಿನ ಮೇಲೆ ತೆಪ್ಪಗೆ ಕೂರಬೇಕು. ಬೆಂಚಿನ ಮೇಲ್ಗಡೆ ಒಂದು ಹಲಗೆ: ‘ಹೇಳಬೇಡಿ, ಕೀ ಕೊಡಿ.’ ಬರೆಸಿದ್ದು ನಾನೇ. ಮೂವತ್ತೊಂದು ವರ್ಷದಿಂದ ಕಾರಿನ ಮೀಟರ್ ಬೋರ್ಡು ಬಿಚ್ಚಿ ಕಟ್ಟುವುದೇ ನನ್ನ ಕಸುಬು. ಸ್ಪೀಡು ತೋರಿಸುವ ಮುಳ್ಳು, ಪೆಟ್ರೋಲ್ ತೋರಿಸುವ ಮುಳ್ಳು, ಇಂಜಿನ್ ಬಿಸಿಯಾಯಿತು ಎಂದು ಎಚ್ಚರಿಸುವ ಮುಳ್ಳು, ಒಂದಷ್ಟು ಕೆಂಪು ಹಳದಿ ದೀಪಗಳು, ಇಷ್ಟೇ ನನ್ನ ಪ್ರಪಂಚ. ಮಂಗಳವಾರ ಮಾತ್ರ ಹೀಗಾಗುತ್ತೆ ಎನ್ನುವವರು, ಮನೆಯವರು ಪಕ್ಕದಲ್ಲಿ ಕೂತರೆ ಮಾತ್ರ ಹೀಗಾಗುತ್ತೆ ಎನ್ನುವವರು, ಎಂಥೆಂಥವರನ್ನೋ ನೋಡಿದ್ದೇನೆ. ಗಿರಾಕಿ ಹೇಳುವುದರಲ್ಲಿ ಮುಕ್ಕಾಲು ಪಾಲು ಕಾಗಕ್ಕ ಗುಬ್ಬಕ್ಕನ ಕಥೆ. ತಂತಿ ಸುಳ್ಳು ಹೇಳುವುದಿಲ್ಲ. ಬೀದಿಯವರು ನನಗೆ ಮುಳ್ಳಪ್ಪ ಎಂದು ಹೆಸರಿಟ್ಟಿದ್ದಾರೆ. ಅದು ಮೀಟರಿನ ಮುಳ್ಳಿಗೋ ನನ್ನ ಬಾಯಿಗೋ, ನಾನು ಕೇಳಲು ಹೋಗಿಲ್ಲ.

ಈ ಕಾನೂನಿನ ದೆಸೆಯಿಂದ ನನ್ನ ಅಕ್ಕನ ಮಗಳ ಅನ್ನಕ್ಕೆ ನಾನೇ ಕಲ್ಲು ಹಾಕಿಬಿಡುತ್ತಿದ್ದೆ. ಆ ನಾಲ್ಕೈದು ದಿನದ ಕಥೆ ಇದು.

ಅವಳನ್ನು ನಾವೆಲ್ಲ ಗಿಣಿ ಎನ್ನುತ್ತೇವೆ. ಮೂರನೇ ವರ್ಷದಲ್ಲಿ ಬಂದ ಜ್ವರ ಅವಳ ಎರಡೂ ಕಾಲುಗಳ ಶಕ್ತಿಯನ್ನು ಕಿತ್ತುಕೊಂಡು ಹೋಯಿತು. ಬಾಯಿಯ ತಂಟೆಗೆ ಮಾತ್ರ ಹೋಗಲಿಲ್ಲ, ಪುಣ್ಯ. ಈಗ ಅವಳಿಗೆ ಮೂವತ್ತನಾಲ್ಕು. ಲಕ್ವ ಹೊಡೆದು ಮಾತು ನಿಂತುಹೋದವರ ಮನೆಗಳಿಗೆ ಹೋಗಿ, ಅವರಿಗೆ ಒಂದೊಂದೇ ಶಬ್ದ ಕೂಡಿಸಿಕೊಟ್ಟು ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಒಟ್ಟು ಎಂಟು ಮನೆ. ನಡೆಯುವುದಕ್ಕೆ ಎರಡು ಊರುಗೋಲು, ಮನೆಯಿಂದ ಮನೆಗೆ ಹೋಗುವುದಕ್ಕೆ ಇಪ್ಪತ್ತೆರಡು ವರ್ಷದ ಒಂದು ನೀಲಿ ಕಾರು.

ಆ ಕಾರು ಗೇರು ತಾನೇ ಬದಲಾಯಿಸಿಕೊಳ್ಳುವ ಜಾತಿಯದು. ಅದಕ್ಕೆ ಗಿಣಿಯ ಅಪ್ಪ, ಅಂದರೆ ನನ್ನ ಭಾವ, ಹನ್ನೊಂದು ವರ್ಷದ ಹಿಂದೆ ತಮ್ಮ ಕೈಯಾರೆ ಒಂದು ಕಬ್ಬಿಣದ ಲಿವರ್ ಮಾಡಿ ಸ್ಟೀರಿಂಗಿನ ಪಕ್ಕ ಕೂರಿಸಿದ್ದರು. ಮುಂದಕ್ಕೆ ತಳ್ಳಿದರೆ ಬ್ರೇಕು, ತನ್ನ ಕಡೆಗೆ ಎಳೆದರೆ ಓಟ. ಕಾಲಿನ ಪೆಡಲುಗಳೂ ಇದ್ದವು, ಆದರೆ ಅವಳ ಪಾಲಿಗೆ ಅವು ಇದ್ದೂ ಇಲ್ಲದ ಹಾಗೆ. ಭಾವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವರು. ಕೂದಲೆಳೆಯಷ್ಟು ಸಡಿಲವನ್ನೂ ಸಹಿಸುವವರಲ್ಲ. ಲಿವರ್ ಬರುವ ತನಕ ಹುಡುಗಿ ಎಲ್ಲಿಗೆ ಹೋಗಬೇಕಾದರೂ ಬಾಗಿಲಲ್ಲಿ ಕೂತು ಯಾರಾದರೂ ಕರೆದುಕೊಂಡು ಹೋಗುತ್ತಾರೇನೋ ಎಂದು ಕಾಯಬೇಕಿತ್ತು. ಆ ಕಾಯುವ ಮುಖ ನನಗೆ ಈಗಲೂ ಚೆನ್ನಾಗಿ ನೆನಪಿದೆ.

ಸೋಮವಾರ ಬೆಳಿಗ್ಗೆ ಅವಳು ಕಾರು ತಂದು ನಿಲ್ಲಿಸಿ, ಊರುಗೋಲು ಊರಿಕೊಂಡು ಇಳಿದು, ಒಂದು ಕಾಗದ ನನ್ನ ಮುಂದೆ ಹಿಡಿದಳು. ಹಳೆಯ ವಾಹನಗಳ ತಪಾಸಣೆ ಕಚೇರಿಯದು. ಹಿಂದಿನ ವಾರ ತಪಾಸಣೆಯ ಅಧಿಕಾರಿ ಅವಳ ಪಕ್ಕದಲ್ಲಿ ಕೂತಿದ್ದಾಗಲೇ ಮೀಟರಿನ ಮುಳ್ಳುಗಳೆಲ್ಲ ಒಟ್ಟಿಗೆ ಮಲಗಿಬಿಟ್ಟವಂತೆ. ಈ ಶುಕ್ರವಾರ ಹನ್ನೊಂದು ಗಂಟೆಗೆ ಮತ್ತೆ ತರಬೇಕು. ಆಗಲೂ ಹೀಗೇ ಇದ್ದರೆ ಕಾರಿನ ನೋಂದಣಿ ರದ್ದು.

“ಗುಜರಿಗೆ ಹೋಗುತ್ತೆ ಮಾಮ,” ಎಂದಳು.

“ಹೋದ್ರೆ ಹೋಗ್ಲಿ, ಇನ್ನೊಂದು ಕಾರಿಗೆ ಲಿವರ್ ಹಾಕ್ಸಿದ್ರಾಯ್ತು.”

“ಯಾರು ಹಾಕ್ತಾರೆ? ಅಪ್ಪನ ಕೈ ನೋಡಿದ್ಯಲ್ಲ. ಲೋಟ ಹಿಡಿದ್ರೆ ಅರ್ಧ ಕೆಳಗೆ ಚೆಲ್ಲುತ್ತೆ. ಹೊರಗಡೆಯಿಂದ ತರಿಸೋದಾದ್ರೆ ಒಪ್ಪಿಗೆ, ಅದು ಇದು ಅಂತ ಎಂಟು ತಿಂಗಳಾಗುತ್ತಂತೆ. ಅಲ್ಲೀವರೆಗೂ ಆಫೀಸಲ್ಲೇ ಕೂತು ಫೈಲು ನೋಡ್ಕೊಳ್ಳಿ ಅಂತಾರೆ ನಮ್ಮ ಮೇಡಂ. ನನ್ನ ಎಂಟು ಜನ ಎಂಟು ತಿಂಗಳು ಬಾಯಿ ಮುಚ್ಕೊಂಡು ಕೂತಿರ್ತಾರಾ? ಕಲಿತಿದ್ದೂ ಮರೆತುಹೋಗುತ್ತೆ. ಮಾಮ, ಸರಿಯಾಗಿ ಕೇಳು, ನಾನು ಬ್ರೇಕ್ ಹಿಡಿದಾಗ...”

ನಾನು ಹಲಗೆಯ ಕಡೆಗೆ ಬೆರಳು ತೋರಿಸಿದೆ.

“ಎತ್ತಿ ಆಡಿಸಿದ ಮಾಮನ ಅಂಗಡೀಲೂ ನಾನು ಬೋರ್ಡು ಓದ್ಬೇಕಾ?”

“ನೀನಾದ್ರೂ ಅಷ್ಟೇ, ನಿಮ್ಮಪ್ಪ ಆದ್ರೂ ಅಷ್ಟೇ. ಕೀ ಕೊಡು.”

ಮೀಟರ್ ಬೋರ್ಡನ್ನು ಬಿಚ್ಚಿ ಮೇಜಿನ ಮೇಲೆ ಮಲಗಿಸಿದೆ. ಹಳೆಯ ಕಾರುಗಳ ಮೀಟರಿನಲ್ಲಿ ಬೆಸುಗೆ ಬಿರುಕು ಬಿಡುವುದು ಮಾಮೂಲು. ಭೂತಗನ್ನಡಿ ಹಿಡಿದು ನೋಡಿದರೆ ಎರಡು ಕಡೆ ಕೂದಲೆಳೆಯಂಥ ಬಿರುಕೂ ಸಿಕ್ಕಿತು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಬೆಸುಗೆ ಹಾಕಿ, ಮೇಜಿನ ಮೇಲೆಯೇ ಬ್ಯಾಟರಿ ಕೊಟ್ಟು ನೋಡಿದರೆ ಮುಳ್ಳುಗಳು ಕವಾಯತಿಗೆ ನಿಂತವರ ಹಾಗೆ ನೆಟ್ಟಗೆ. ಕಾರಿಗೆ ಕೂರಿಸಿ ನಾನೇ ಒಂದು ಸುತ್ತು ಹೋಗಿ ಬಂದೆ. ಬ್ರೇಕ್ ಹಿಡಿದಾಗ ಅಂದಿದ್ದಳಲ್ಲ, ಹಿಡಿದೆ. ಒಂದಲ್ಲ, ನಲವತ್ತು ಸಲ ಹಿಡಿದೆ. ಹಿಂದೆ ಬರುತ್ತಿದ್ದ ಸೈಕಲ್ಲಿನವನು ನನ್ನ ವಂಶವನ್ನೆಲ್ಲ ನೆನೆದ. ಮುಳ್ಳು ಅಲ್ಲಾಡಲಿಲ್ಲ.

“ತಗೋ. ಇನ್ನು ನೂರು ವರ್ಷ ನೋಡೋ ಹಾಗಿಲ್ಲ,” ಎಂದು ಕೀ ಕೊಟ್ಟೆ.

ಬೀದಿಯ ಕೊನೆಗೆ ಒಂದು ತಿರುವಿದೆ. ಅಲ್ಲಿ ಅವಳ ಬ್ರೇಕ್ ದೀಪ ಹತ್ತಿದ್ದು ಕಂಡಿತು. ಸ್ವಲ್ಪ ಹೊತ್ತು ಕಾರು ಅಲ್ಲೇ ನಿಂತಿತು. ಆಮೇಲೆ ತಿರುಗಿಸಿಕೊಂಡು ವಾಪಸು ಬಂದಳು.

“ಬಿತ್ತು ಮಾಮ.”

ಮಂಗಳವಾರವೆಲ್ಲ ಇದೇ ಆಟ. ಬೋರ್ಡಿಗೆ ಕರೆಂಟು ತರುವ ತಂತಿಯನ್ನು ಬದಲಾಯಿಸಿದೆ, ಫ್ಯೂಸುಗಳನ್ನು ತಿಕ್ಕಿ ಹಾಕಿದೆ, ಬಲ್ಬುಗಳನ್ನು ಹೊಸದು ಮಾಡಿದೆ. ನಾನು ಓಡಿಸಿದರೆ ಮುಳ್ಳುಗಳು ಸಾಧು ಸಂತರು. ಅವಳು ಓಡಿಸಿದರೆ ತಿರುವಿನಲ್ಲಿ ದಬಕ್ಕನೆ ಬೀಳುತ್ತವೆ. ನನಗೆ ತಲೆ ಕೆಟ್ಟು ಮೊಸರಾಯಿತು.

“ನೀನು ಹೇಗೆ ಓಡಿಸ್ತೀಯ ಅಂತ!” ಎಂದು ರೇಗಿದೆ. “ಸಿಕ್ಕ ಗುಂಡಿಗೆಲ್ಲ ಇಳಿಸಿ ಹತ್ತಿಸಿದ್ರೆ ಮುಳ್ಳು ಬೀಳದೆ ಇನ್ನೇನಾಗುತ್ತೆ?”

“ಆ ತಿರುವಲ್ಲಿ ಗುಂಡಿ ಎಲ್ಲಿದೆ ಮಾಮ?”

“ಇಲ್ದಿದ್ರೆ ನೀನು ಹುಡುಕ್ಕೊಂಡು ಹೋಗ್ತೀಯ.”

ಅವಳು ನಗಲಿಲ್ಲ. ಸಾಮಾನ್ಯವಾಗಿ ನನ್ನ ಬೈಗುಳಕ್ಕೆ ಅವಳು ನಗುವವಳು. ಅವಳ ಮುಖ ನೋಡಿ ನನಗೆ ಪಿಚ್ಚೆನ್ನಿಸಿತು. ಆದರೆ ಕೋಪ ಎನ್ನುವುದು ಇಳಿಜಾರಿನಲ್ಲಿ ಬಿಟ್ಟ ಕಾರಿದ್ದ ಹಾಗೆ, ನಿಲ್ಲಿಸಬೇಕು ಅನ್ನಿಸುವಷ್ಟರಲ್ಲಿ ನಾಲ್ಕು ಮನೆ ದಾಟಿರುತ್ತದೆ.

ಬುಧವಾರ ಗಿಣಿಯ ಜೊತೆ ಭಾವನೂ ಬಂದರು. ಅವರು ನನ್ನ ಅಂಗಡಿಗೆ ಬರುವುದೇ ಅಪರೂಪ. ನಮ್ಮಿಬ್ಬರದು ಹಾವು ಮುಂಗುಸಿಯ ಸ್ನೇಹ. ಲಿವರ್ ಕೂರಿಸಿದ ವರ್ಷ ಅವರು ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಆ ಸಿಟ್ಟಿಗೆ ನಾನು ಲಿವರನ್ನು ನೋಡಿ, “ಏನು ಭಾವ, ಬಾವಿ ಪಂಪಿನ ಹಿಡಿಕೆ ಕಿತ್ತು ತಂದ್ರಾ?” ಎಂದಿದ್ದೆ. ಅವರ ಮುಖ ಕೆಂಡವಾಗಿತ್ತು. “ನೋಡಯ್ಯಾ, ನನ್ನ ಲಿವರಿಗೆ ನೀನು ಕೈ ಹಾಕ್ಬೇಡ, ನಿನ್ನ ಮೀಟರಿಗೆ ನಾನು ಕೈ ಹಾಕಲ್ಲ,” ಎಂದಿದ್ದರು. ಆವತ್ತಿನಿಂದ ಅದೇ ಒಪ್ಪಂದ. ಹನ್ನೊಂದು ವರ್ಷದಲ್ಲಿ ಆ ಕಾರು ನಾಲ್ಕೈದು ಸಲ ನನ್ನ ಅಂಗಡಿಗೆ ಬಂದಿದೆ. ಲಿವರ್ ಇರುವ ಕಡೆ ನಾನು ಕಣ್ಣೆತ್ತಿಯೂ ನೋಡಿಲ್ಲ. ಮಾತು ಅಂದರೆ ಮಾತು.

ಭಾವನಿಗೆ ಇನ್ನೊಂದು ಹುಚ್ಚಿದೆ. ಕಬ್ಬಿಣ ಕಂಡರೆ ಬಣ್ಣ ಹಚ್ಚಬೇಕು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಗೇಟು, ಕಿಟಕಿ ಸರಳು, ಬಟ್ಟೆ ಒಣಗಿಸುವ ಕಂಬಿ, ಬಕೆಟ್ಟಿನ ಹಿಡಿ, ಎಲ್ಲಕ್ಕೂ ಎರಡು ಕೈ ಹಸಿರು ಬಣ್ಣ. “ನಾನು ಒಂದು ಕಡೆ ಸ್ವಲ್ಪ ಹೊತ್ತು ಸುಮ್ನೆ ನಿಂತ್ರೆ ನನಗೂ ಹಚ್ಚಿಬಿಡ್ತಾರೆ,” ಎಂದು ಅಕ್ಕ ಹೇಳುತ್ತಿರುತ್ತಾಳೆ. ಬುಧವಾರ ಬಂದಾಗಲೂ ಅವರ ಉಗುರಿನ ಸಂದಿಯಲ್ಲಿ ಹಸಿರು ಇತ್ತು. ಬೆಂಚಿನ ಮೇಲೆ ಕೂತು ನಡುಗುವ ಕೈಗಳನ್ನು ಮಂಡಿಗಳ ನಡುವೆ ಅದುಮಿಕೊಂಡರು.

“ಏನಯ್ಯಾ, ಮೂರು ದಿನ ಆಯ್ತು. ಮೀಟರಿನ ಮಹಾಪಂಡಿತ ಅಂತಾರೆ ನಿನ್ನ.”

“ಪಂಡಿತ ಏನ್ಮಾಡ್ತಾನೆ ಭಾವ, ನಿಮ್ಮ ಮಗಳು ಬ್ರೇಕ್ ಒದೆಯೋ ರೀತಿಗೆ?”

“ಅವಳು ಒದೆಯೋ ಹಾಗಿದ್ದಿದ್ರೆ ನಾವು ಇಲ್ಲಿಗೆ ಯಾಕೆ ಬರ್ತಿದ್ವಿ?” ಎಂದರು ಭಾವ, ತಣ್ಣಗೆ.

ಅಯ್ಯೋ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಗಿಣಿ ಅಲ್ಲೇ ಇದ್ದಳು. ಅವಳಿಗೆ ನೋವಾಯಿತೆಂದು ನನಗೆ ಗೊತ್ತಾಯಿತು. ಆದರೆ ಅವಳು ಅಳಲಿಲ್ಲ, ಕೂಗಲೂ ಇಲ್ಲ. ಊರುಗೋಲುಗಳನ್ನು ಗೋಡೆಗೆ ಒರಗಿಸಿ ಅಪ್ಪನ ಪಕ್ಕ ಕೂತಳು.

“ಮಾಮ, ನನ್ನ ಎಂಟು ಜನರಲ್ಲಿ ಒಬ್ರು ಅಂಚೆಯವರು ಇದಾರೆ. ಮೂವತ್ತು ವರ್ಷ ಮನೆ ಮನೆಗೆ ಕಾಗದ ಹಂಚಿದವರು. ಏಳು ತಿಂಗಳಿಂದ ಒಂದೇ ಒಂದು ಶಬ್ದ ಬಂದಿರ್ಲಿಲ್ಲ. ಹೋದ ತಿಂಗಳು ‘ನೀ’ ಅಂದ್ರು. ಅವರ ಸೊಸೆ ಎದ್ದೆನೋ ಬಿದ್ದೆನೋ ಅಂತ ಓಡಿಹೋಗಿ ನೀರು ತಂದ್ಳು. ಅವರು ಲೋಟಾನ ತಳ್ಳಿಬಿಟ್ರು. ನಾನು ಎಲ್ಲರನ್ನೂ ಸುಮ್ನಿರಿ ಅಂದೆ. ನಾಲ್ಕು ನಿಮಿಷ ಕಾದ್ವಿ, ಗಡಿಯಾರ ನೋಡ್ಕೊಂಡು. ‘ನೀನು ಕೂತ್ಕೋ’ ಅಂದ್ರು. ಹೆಂಡತಿಗೆ. ಏಳು ತಿಂಗಳಿಂದ ಆಯಮ್ಮ ಅವರ ಪಕ್ಕದಲ್ಲಿ ನಿಂತೇ ಇದ್ರು.”

ಗಿಣಿ ನನ್ನ ಕಡೆಗೆ ಪೂರ್ತಿ ತಿರುಗಿ ಕೂತಳು.

“ಅರ್ಧ ಮಾತಿಗೆ ಓಡಿಹೋಗಿ ನೀರು ತರೋರೇ ಎಲ್ಲ. ನೀನೂ ಅಷ್ಟೇ ಮಾಮ. ಸೋಮವಾರದಿಂದ ನನ್ನ ಒಂದು ಮಾತು ಪೂರ್ತಿ ಕೇಳಿಲ್ಲ. ನಾಳೆ ಬರ್ತೀನಿ. ಆ ಹಲಗೆ ಅಲ್ಲೇ ಇದ್ರೆ ಒಳಗೆ ಬರಲ್ಲ, ಬೇರೆ ಅಂಗಡಿಗೆ ಹೋಗ್ತೀನಿ.”

ಅಪ್ಪ ಮಗಳು ಹೊರಟುಹೋದರು. ನನಗೆ ಸಿಟ್ಟು ಬಂದಿತ್ತು. ಮೊದಲು ಅವಳ ಮೇಲೆ, ಆಮೇಲೆ ಭಾವನ ಮೇಲೆ, ಕೊನೆಗೆ ಬೇರೆ ಯಾರೂ ಉಳಿಯದೆ ನನ್ನ ಮೇಲೆಯೇ ಬಂತು. ಅಂಗಡಿ ಮುಚ್ಚುವ ಮೊದಲು ಹಲಗೆಯನ್ನು ಗೋಡೆಯ ಕಡೆಗೆ ತಿರುಗಿಸಿ ನೇತುಹಾಕಿದೆ.

ಗುರುವಾರ ಹತ್ತು ಗಂಟೆಗೆ ನೀಲಿ ಕಾರು ಬಂತು. ಗಿಣಿ ಕಿಟಕಿಯಿಂದ ಇಣುಕಿ ಗೋಡೆ ನೋಡಿದಳು. ಪಕ್ಕದಲ್ಲಿ ಭಾವನೂ ಇದ್ದರು. ಅವಳು ಇಳಿಯಲು ಊರುಗೋಲು ಎತ್ತಿಕೊಂಡಳು.

“ಇಳೀಬೇಡ,” ಎಂದೆ. “ಅಲ್ಲೇ ಕೂತ್ಕೊಂಡು ಹೇಳು.”

ಭಾವ ಇಳಿಯುತ್ತಿದ್ದವರು ಒಂದು ಕಾಲು ಹೊರಗಿಟ್ಟು ಹಾಗೇ ನಿಂತರು. ಅವರ ಜನ್ಮದಲ್ಲಿ ಈ ಮಾತನ್ನು ನನ್ನ ಬಾಯಿಂದ ಕೇಳಿರಲಿಲ್ಲ.

“ಮೆಲ್ಲಗೆ ಬ್ರೇಕ್ ಹಿಡಿದ್ರೆ ಏನೂ ಆಗಲ್ಲ,” ಎಂದಳು ಗಿಣಿ. “ಲಿವರನ್ನ ಪೂರ್ತಿ ತಳ್ಳಿದಾಗ ಮಾತ್ರ ಬೀಳುತ್ತೆ. ಎಲ್ಲಾ ಮುಳ್ಳೂ ಒಟ್ಟಿಗೆ. ಬಿಟ್ಟ ತಕ್ಷಣ ಮತ್ತೆ ಏಳುತ್ತೆ. ಶುರುವಾಗಿ ಒಂದು ತಿಂಗಳಾಯ್ತು. ನೀನು ಓಡಿಸಿದ್ರೆ ಯಾಕೆ ಆಗಲ್ಲ ಅಂತ ನಿನ್ನೆ ಮಲಗಿದಾಗ ಹೊಳೀತು. ನೀನು ಕಾಲಲ್ಲಿ ಹಿಡೀತೀಯ ಮಾಮ.”

“ಇದನ್ನ ಮೊದಲೇ ಹೇಳ್ಬಾರ್ದಾ!” ಎಂದು ಕೂಗಿದೆ.

“ಮಾಮಾ!” ಎಂದಳು ಅವಳು. ಭಾವ ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕರು. ನಾನೂ ನಗದೆ ಇನ್ನೇನು ಮಾಡಲಿ?

ಎದ್ದರೆ ಕಾಲು, ಕೂತರೆ ಕಾಲು. ಕಾಲಿದ್ದವನಿಗೆ ಕಾಲು ಕಾಣುವುದೇ ಇಲ್ಲ. ನಲವತ್ತು ಸಲ ಬ್ರೇಕ್ ಹಿಡಿದವನು ಒಂದು ಸಲವೂ ಅವಳು ಹಿಡಿಯುವ ಹಾಗೆ ಹಿಡಿದಿರಲಿಲ್ಲ. ಕಾಲಲ್ಲಿ ಪೆಡಲ್ ಒತ್ತಿದರೆ ಲಿವರ್ ಸುಮ್ಮನೆ ಜೊತೆಗೆ ಓಲಾಡುತ್ತದೆ ಅಷ್ಟೇ. ಕೈಯಲ್ಲಿ ತಳ್ಳಿದಾಗಲೇ ಅದರ ಭಾರವೆಲ್ಲ ಅದು ನಿಂತ ಜಾಗದ ಮೇಲೆ ಬೀಳುವುದು.

ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಗಿಣಿಯ ಕಾಲ ಬಳಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದೆ. ಈ ವಯಸ್ಸಿನಲ್ಲಿ ಬೆನ್ನು ಒಪ್ಪುವುದಿಲ್ಲ, ಆದರೂ ಮಲಗಿದೆ. ಮೀಟರಿಗೆ ಬಂದ ಕರೆಂಟು ಹೊರಗೆ ಹೋಗಲೂ ದಾರಿ ಬೇಕು. ಅದಕ್ಕೊಂದು ಕಪ್ಪು ತಂತಿ ಇರುತ್ತದೆ, ಅದರ ತುದಿಯ ತಾಮ್ರದ ಬಳೆಯನ್ನು ಕಾರಿನ ಮೈಯ ಬರಿ ಕಬ್ಬಿಣಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಅರ್ತು ಎನ್ನುವುದು ಇದಕ್ಕೇ. ಅರ್ತು ಸಿಗದಿದ್ದರೆ ಮುಳ್ಳುಗಳಿಗೆ ಜೀವವಿಲ್ಲ. ವೋಲ್ಟ್ ಅಳೆಯುವ ಯಂತ್ರದ ಒಂದು ಕಡ್ಡಿಯನ್ನು ಆ ತಾಮ್ರದ ಬಳೆಗೆ, ಇನ್ನೊಂದನ್ನು ಕಾರಿನ ಮೈಗೆ ಹಿಡಿದೆ. ಎರಡರ ನಡುವೆ ವ್ಯತ್ಯಾಸ ಇರಬಾರದು. ಯಂತ್ರ ಸೊನ್ನೆ ತೋರಿಸಿತು.

“ಮೆಲ್ಲಗೆ ತಳ್ಳು.”

ಸೊನ್ನೆ.

“ಪೂರ್ತಿ ತಳ್ಳು, ತಿರುವಲ್ಲಿ ತಳ್ಳೋ ಹಾಗೆ.”

ನನ್ನ ಮೂಗಿನ ಮೇಲೆ ಲಿವರಿನ ಕಬ್ಬಿಣದ ಪಟ್ಟಿ ಒಂದು ಅಕ್ಕಿಕಾಳಿನಷ್ಟು ಬಾಗಿತು. ಯಂತ್ರ ಸೊನ್ನೆಯಿಂದ ಒಂಬತ್ತಕ್ಕೆ ಜಿಗಿಯಿತು.

“ಬಿತ್ತು!” ಎಂದಳು ಗಿಣಿ ಮೇಲಿಂದ.

“ಬೀಳ್ಲಿ, ಬೀಳ್ಲಿ! ಇನ್ನೊಂದ್ಸಲ ತಳ್ಳು!” ಎಂದು ನಾನು ಟಾರ್ಚು ಉಗಿದು ಕೂಗಿದೆ. ಮೂರು ದಿನದಿಂದ ಬೀಳಬಾರದು ಎಂದು ಒದ್ದಾಡಿದವನಿಗೆ ಅದು ಬೀಳುವುದು ಕಣ್ಣೆದುರಿಗೆ ಕಂಡಿದ್ದಕ್ಕೆ ಆದ ಸಂತೋಷ ಹೇಳತೀರದು.

ಟಾರ್ಚು ಹಿಡಿದು ಸರಿಯಾಗಿ ನೋಡಿದೆ. ಕಂಪನಿಯವರು ಅರ್ತಿಗೆಂದು ಕೊಟ್ಟ ಬೋಲ್ಟಿನ ಜಾಗವೇ ಆ ಸುತ್ತಿನಲ್ಲೆಲ್ಲ ಗಟ್ಟಿಯಾದ ಜಾಗ. ಹನ್ನೊಂದು ವರ್ಷದ ಹಿಂದೆ ಭಾವ ಲಿವರಿನ ಪಟ್ಟಿಯನ್ನು ಅಲ್ಲಿಯೇ ಕೂರಿಸಿ, ನನ್ನ ತಂತಿಯ ಬಳೆಯನ್ನು ಅದರ ಮೇಲಿಟ್ಟು, ಎರಡಕ್ಕೂ ಸೇರಿಸಿ ಒಂದೇ ಬೋಲ್ಟು ಬಿಗಿದಿದ್ದರು. ಅವರ ಲಿವರಿಗೂ ನನ್ನ ಮೀಟರಿಗೂ ಒಂದೇ ಬೋಲ್ಟು! ಅವರು ಮುಟ್ಟಬಾರದ್ದು, ನಾನು ಮುಟ್ಟಬಾರದ್ದು, ಎರಡೂ ಒಂದೇ ಕಡೆ. ಬಿಚ್ಚಿ ಹೊರಗೆ ತೆಗೆದೆ. ತಲೆಯಿಂದ ಬುಡದವರೆಗೆ ಹಸಿರು. ಪಟ್ಟಿಯೂ ಹಸಿರು. ತಾಮ್ರದ ಬಳೆಯ ಕೆಳಗೆ ವರ್ಷ ವರ್ಷದ ಬಣ್ಣ ಪದರು ಪದರಾಗಿ ಕೂತಿತ್ತು. ಬಣ್ಣದ ಮೇಲೆ ಕರೆಂಟು ಹರಿಯುವುದಿಲ್ಲ. ಎಲ್ಲೋ ಬೋಲ್ಟಿನ ಮರೆಯಲ್ಲಿ ಗೀರಿಹೋಗಿದ್ದ ಒಂದು ಚೂರು ಜಾಗದಿಂದ ಇಷ್ಟು ದಿನ ಹೇಗೋ ಕೆಲಸ ನಡೆದಿತ್ತು. ಲಿವರ್ ಜೋರಾಗಿ ತಳ್ಳಿದರೆ ಆ ಚೂರೂ ಕೈಬಿಡುತ್ತಿತ್ತು.

ತೆವಳಿಕೊಂಡು ಹೊರಬಂದೆ. ಅಂಗೈಯಲ್ಲಿ ಹಸಿರು ಬೋಲ್ಟು ಇತ್ತು. ಸತ್ಯ ಹೇಳಬೇಕೆಂದರೆ ಆ ಕ್ಷಣಕ್ಕೆ ನನ್ನೊಳಗೆ ಒಂದು ಹಬ್ಬವೇ ನಡೆದಿತ್ತು. ಭಾವನಿಗೆ ಹೇಳಲು ಹನ್ನೊಂದು ವರ್ಷದಿಂದ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ಸಾಲು ನಿಂತಿದ್ದವು.

ಭಾವ ಬೋಲ್ಟನ್ನು ನೋಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ವರ್ಷ ವರ್ಷವೂ ಬಿಚ್ಚಿ ಪಟ್ಟಿಗೆ ಹಚ್ತಿದ್ದೆ,” ಎಂದರು ನಿಧಾನಕ್ಕೆ. “ತುಕ್ಕು ಹಿಡಿದು ಅವಳ ಕೈಯಲ್ಲಿ ಮುರಿದುಬಿಟ್ರೆ ಅಂತ. ಈ ಸಲ ಮಳೆ ಜಾಸ್ತಿ ಅಂದ್ರು. ಬೋಲ್ಟನ್ನೇ ಬಣ್ಣದಲ್ಲಿ ಅದ್ದಿ ಹಾಕಿದೆ.” ಕಾರಿನ ಬಾಗಿಲಿಗೆ ತಾಗಿದಂತಿದ್ದ ಬೆಂಚಿನ ಮೇಲೆ ಕುಸಿದು ಕೂತರು. ಕೈಗಳು ಮೊದಲಿಗಿಂತ ಜಾಸ್ತಿ ನಡುಗುತ್ತಿದ್ದವು, ಈ ಸಲ ಮಂಡಿಗಳ ನಡುವೆ ಅದುಮಿಟ್ಟುಕೊಳ್ಳಲೂ ಇಲ್ಲ. “ನನ್ನ ಮಗಳ ಗಾಡೀನ ನಾನೇ ಗುಜರಿಗೆ ಕಳಿಸ್ತಿದ್ದೆ ಕಣಯ್ಯಾ.”

ಕೂಡಿಟ್ಟ ಮಾತುಗಳು ಎಲ್ಲಿ ಹೋದವೋ, ಒಂದೂ ಸಿಗಲಿಲ್ಲ. ಈ ಮನುಷ್ಯ ನಡುಗುವ ಕೈಯಲ್ಲಿ, ಕಾರಿನೊಳಗೆ ಮಡಚಿಕೊಂಡು ಮಲಗಿ, ವರ್ಷಕ್ಕೊಂದು ಸಲ ಮಗಳ ಬ್ರೇಕಿಗೆ ಬಣ್ಣ ಹಚ್ಚುತ್ತಿದ್ದರು. ನಾನು ಅದನ್ನು ಬಾವಿ ಪಂಪು ಎಂದಿದ್ದೆ.

“ಭಾವ, ಇಲ್ಲಿ ಕೇಳಿ,” ಎಂದೆ. “ನಾನೂ ಮೂರು ದಿನ ಈ ಬೋಲ್ಟಿಂದ ಒಂದು ಗೇಣು ದೂರದಲ್ಲಿ ಕೈ ಆಡಿಸಿದೀನಿ. ನಿಮ್ಮ ಲಿವರ್ ಅಂತ ಹಟ ಮಾಡಿ ಮುಟ್ಲಿಲ್ಲ. ತಪ್ಪು ಅಂತ ಹಂಚ್ಕೊಂಡ್ರೆ ನನ್ನ ಪಾಲೇ ದೊಡ್ದು. ಇನ್ನೊಂದು ಮಾತು, ಇದು ಸಮಾಧಾನಕ್ಕೆ ಹೇಳ್ತಿಲ್ಲ. ಆ ಪಟ್ಟೀನ ನೋಡ್ದೆ. ಹನ್ನೊಂದು ವರ್ಷ ಆದ್ರೂ ಒಂದು ಚುಕ್ಕೆ ತುಕ್ಕಿಲ್ಲ. ಮುಳ್ಳು ಬಿದ್ರೆ ಆಫೀಸಿನವರು ಕಾಗದ ಕೊಡ್ತಾರೆ. ಬ್ರೇಕ್ ಬಿದ್ದಿದ್ರೆ?”

ಗಿಣಿ ಸೀಟಿನಿಂದಲೇ ಕೈ ಚಾಚಿ ಅಪ್ಪನ ಭುಜ ಹಿಡಿದಳು. “ಅಪ್ಪ, ತಿರುವಲ್ಲಿ ಮುಳ್ಳು ಬಿದ್ದಾಗಲೆಲ್ಲ ಗಾಡಿ ನಿಂತಿದೆ,” ಎಂದಳು.

ನಾನು ಉಪ್ಪುಕಾಗದದ ಒಂದು ಹಾಳೆ ತಂದು ಭಾವನ ಕೈಗೆ ಕೊಟ್ಟೆ. “ನಿಮ್ಮ ಬಣ್ಣ ನೀವೇ ತೆಗೀರಿ. ನನಗೆ ಬೆನ್ನು ನೋಯುತ್ತೆ.”

ಅವರು ಉಪ್ಪುಕಾಗದವನ್ನು ನೋಡಿದರು, ತಮ್ಮ ಕೈ ನೋಡಿದರು. “ಉಜ್ಜೋ ಕೆಲಸ ತಾನೆ?” ಎಂದರು. “ಈ ಕೈಗೆ ಹೇಳಿ ಮಾಡಿಸಿದ ಹಾಗಿದೆ. ಇಟ್ರೆ ಸಾಕು, ತಾನೇ ಉಜ್ಜುತ್ತೆ.” ತಮ್ಮ ಮಾತಿಗೆ ತಾವೇ ಮೊದಲು ನಕ್ಕರು.

ಮಧ್ಯಾಹ್ನವೆಲ್ಲ ಇಬ್ಬರೂ ಕೆಲಸ ಮಾಡಿದೆವು. ಅವರು ಪಟ್ಟಿ ಕೂರುವ ಜಾಗವನ್ನು ಉಜ್ಜಿ ಬೆಳ್ಳಿಯಂತೆ ಮಾಡಿದರು. ನಾನು ಮೀಟರಿನ ಅರ್ತಿಗೆ ಪಕ್ಕದಲ್ಲೇ ಬೇರೆ ಜಾಗ ನೋಡಿ, ತೂತು ಕೊರೆದು, ಅದರದೇ ಒಂದು ಬೋಲ್ಟು ಕೊಟ್ಟೆ. ಲಿವರಿನ ಬೋಲ್ಟನ್ನು ಎಷ್ಟು ಬಿಗಿಯಬೇಕೆಂದು ಭಾವನನ್ನು ಕೇಳಿದೆ. ಕೇಳಿದ್ದಕ್ಕೆ ಅವರು ಹೇಳಿದರು, ನಾನು ಪೂರ್ತಿ ಕೇಳಿಸಿಕೊಂಡೆ. ಸ್ವಲ್ಪ ಉದ್ದವೇ ಆಯಿತು, ಕಾರ್ಖಾನೆಯ ಮೂವತ್ತೆಂಟು ವರ್ಷವೂ ಅದರೊಳಗೆ ಬಂತು. ಸಂಜೆ ನಾಲ್ಕಕ್ಕೆ ಗಿಣಿ ಬೀದಿಯ ಕೊನೆಯ ತಿರುವಿಗೆ ಹೋಗಿ, ಪೂರ್ತಿ ತಳ್ಳಿ ನಿಲ್ಲಿಸಿ, ವಾಪಸು ಬಂದಳು. ಏನಾಯಿತು ಎಂದು ನಾನು ಕೇಳಬೇಕಾಗಿರಲಿಲ್ಲ, ಅವಳ ಮುಖವೇ ಹೇಳಿತು.

ಆದರೂ ನಮ್ಮ ಬೀದಿಯೇ ಬೇರೆ, ತಪಾಸಣೆಯ ಅಂಗಳವೇ ಬೇರೆ. ಶುಕ್ರವಾರ ಹನ್ನೊಂದಕ್ಕೆ ಭಾವ ಮತ್ತು ನಾನು ಅಂಗಳದ ಮೋಟುಗೋಡೆಯ ಮೇಲೆ, ಪರೀಕ್ಷೆಗೆ ಮಕ್ಕಳನ್ನು ಕಳಿಸಿದವರ ಹಾಗೆ ಕೂತಿದ್ದೆವು. ನೆತ್ತಿಯ ಮೇಲೆ ಸುಡುವ ಬಿಸಿಲು. ಹಿಂದಿನ ವಾರದ ಅಧಿಕಾರಿಯೇ ಅವಳ ಪಕ್ಕದಲ್ಲಿ ಹತ್ತಿ ಕೂತರು. ಅಷ್ಟು ದೂರದಿಂದ ನಮಗೆ ಮುಳ್ಳು ಕಾಣುವುದಿಲ್ಲ. ಹಾರನ್ ಮಾಡುವ ಹಾಗಿಲ್ಲ ಎಂದು ಅಲ್ಲಿ ಬರೆದಿದ್ದರು. ಅದಕ್ಕೆ ನಾವು ಮೊದಲೇ ಮಾತಾಡಿಕೊಂಡಿದ್ದೆವು: ಮುಳ್ಳು ಬೀಳದೆ ನಿಂತರೆ ವೈಪರ್ ಒಂದು ಸಲ ಆಡಿಸಬೇಕು.

ನೀಲಿ ಕಾರು ಅಂಗಳದ ಆ ತುದಿಗೆ ಹೋಗಿ ತಿರುಗಿ ಬಂತು. ಬಿಳಿ ಗೆರೆಯ ಮೇಲೆ ಬ್ರೇಕ್ ದೀಪ ಹತ್ತಿ, ಕಾರು ಗಕ್ಕನೆ ನಿಂತಿತು.

ವೈಪರ್ ಆಡಲಿಲ್ಲ.

ಭಾವ ನನ್ನ ಮಣಿಕಟ್ಟು ಹಿಡಿದರು. ಬೋಲ್ಟು ಸರಿಯಾಗಿ ಬಿಗಿದೆನೇ? ಬಳೆ ಜಾರಿತೇ? ಇಡೀ ಕಾರನ್ನು ಮನಸ್ಸಿನಲ್ಲೇ ಬಿಚ್ಚಿ ಕಟ್ಟಿದೆ. “ಹೋಯ್ತು ಕಣಯ್ಯಾ,” ಎಂದರು ಭಾವ. ನಾನು ಬಾಯಿ ತೆರೆದವನು ಮುಚ್ಚಿದೆ. ಕಾಯೋಣ ಎಂದುಕೊಂಡೆ, ನಾಲ್ಕು ನಿಮಿಷ ಕಾಯೋಣ.

ಒಂದು ಮೋಡವೂ ಇಲ್ಲದ ಆಕಾಶದ ಕೆಳಗೆ, ಒಣಗಿದ ಗಾಜಿನ ಮೇಲೆ ವೈಪರ್ ಕಿರ್ರೆಂದು ಆ ಕಡೆಗೆ ಹೋಗಿ ಈ ಕಡೆಗೆ ಬಂತು. ಒಂದಲ್ಲ, ಎರಡು ಸಲ. ಅಂಗಳದಲ್ಲಿದ್ದವರೆಲ್ಲ ತಲೆ ಎತ್ತಿ ಮಳೆ ಎಲ್ಲಿ ಎಂದು ನೋಡಿದರು. ಭಾವ ಕಣ್ಣೊರೆಸಿಕೊಂಡರು. ನಾನು ಧೂಳು ಧೂಳು ಎಂದು ನನ್ನ ಕಣ್ಣನ್ನೂ ಒರೆಸಿಕೊಂಡೆ.

ಅವಳು ಮೊಹರು ಬಿದ್ದ ಕಾಗದ ಹಿಡಿದು ಬಂದಳು. ಇನ್ನೆರಡು ವರ್ಷ ಯಾರೂ ಕೇಳುವ ಹಾಗಿಲ್ಲ.

“ಅಷ್ಟು ಹೊತ್ತು ಯಾಕೆ ಮಾಡ್ದೆ? ನಮ್ಮ ಜೀವ ಬಾಯಿಗೆ ಬಂದಿತ್ತು!” ಎಂದು ಬೈದೆ.

“ಸಾಹೇಬರು ಮಾತಾಡ್ತಿದ್ರು ಮಾಮ. ಈ ಲಿವರ್ ಎಷ್ಟು ಚೆನ್ನಾಗಿದೆ, ಯಾರು ಮಾಡಿದ್ದು, ಹೇಗೆ ಮಾಡಿದ್ದು ಅಂತ. ಅವರು ಮಾತು ಮುಗಿಸ್ಲಿ ಅಂತ ಕಾದೆ.”

“ಏನು ಹೇಳ್ದೆ?” ಎಂದರು ಭಾವ.

“ಅಪ್ಪ ಮತ್ತೆ ಮಾಮ ಸೇರಿ ಮಾಡಿದ್ದು ಅಂದೆ.”

“ಮಾಮ ಎಲ್ಲಿಂದ ಬಂದ? ಲಿವರ್ ನಂದು!”

“ಬಾವಿ ಪಂಪಿನ ಹಿಡಿಕೆ ನಿಮ್ದೇ ಭಾವ, ಯಾರು ಬೇಡ ಅಂದ್ರು?” ಎಂದೆ. ಈ ಸಲ ಅವರ ಮುಖ ಕೆಂಡವಾಗಲಿಲ್ಲ.

ಅದಾದ ಮೇಲಿನ ವರ್ಷ, ಮಳೆಗಾಲಕ್ಕೆ ಮುಂಚೆ, ಭಾವ ಹಸಿರು ಬಣ್ಣದ ಡಬ್ಬಿ ಮತ್ತು ಬ್ರಷ್ ಹಿಡಿದುಕೊಂಡು, ಮಗಳ ಕಾರಿನಲ್ಲಿ ನನ್ನ ಅಂಗಡಿಗೆ ಬಂದರು. ಮೊದಲು ನನ್ನ ಹಲಗೆಯನ್ನು ಕೆಳಗಿಳಿಸಿ ಹಳೆಯ ಅಕ್ಷರ ಅಳಿಸಿ, ‘ಕೂತ್ಕೊಂಡು ಪೂರ್ತಿ ಹೇಳಿ’ ಎಂದು ಬರೆದರು. ಅಕ್ಷರಗಳು ಅಂಕುಡೊಂಕು, ಆದರೂ ಓದಲು ಬರುತ್ತವೆ. ಆಮೇಲೆ ಡ್ರೈವರ್ ಸೀಟಿನ ಬಾಗಿಲು ತೆರೆದು, “ಬಾರಯ್ಯಾ, ಎಲ್ಲಿ ಹಚ್ಬಾರ್ದು ಅಂತ ತೋರ್ಸು,” ಎಂದರು. ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಅರ್ತಿನ ಬೋಲ್ಟಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ಗುಂಡು ಗೆರೆ ಎಳೆದೆ. ಅವರು ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಲಿವರಿನ ಪಟ್ಟಿಗೆಲ್ಲ ಎರಡು ಕೈ ಬಣ್ಣ ಹಚ್ಚಿದರು. ಟಾರ್ಚು ಹಿಡಿದವನು ನಾನು. ಆ ಗೆರೆಯ ಒಳಗೆ ಒಂದು ಹನಿಯೂ ಬೀಳಲಿಲ್ಲ.